ಸಂಘದ ವಂತಿಗೆ ಯಾರು ಕೊಡಬೇಕು? ಹೊಸ ಸಂಹಿತೆ ಹೇಳಿದ್ದು, ಹೇಳದೆ ಬಿಟ್ಟದ್ದು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. ಕೆಲಸದ ಅವಧಿ, ಗ್ರಾಚ್ಯುಟಿ, ಮುಷ್ಕರದ ನೋಟಿಸು ಇವುಗಳ ಕುರಿತು ಅಂದಿನಿಂದ ಸಾಕಷ್ಟು ಬರೆಯಲಾಗಿದೆ. ಅಷ್ಟಾಗಿ ಚರ್ಚೆಗೆ ಬಾರದ, ಆದರೆ ದುಡಿಯುವವರ ವೇತನ ಚೀಟಿಗೆ ನೇರವಾಗಿ ತಾಗುವ ಗೊಂದಲವೊಂದು ಹಾಗೆಯೇ ಉಳಿದಿದೆ. ಆ ನಾಲ್ಕರಲ್ಲಿ ಒಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದು ಸಂಸ್ಥೆಯಲ್ಲಿ ಹಲವು ಕಾರ್ಮಿಕ ಸಂಘಗಳಿದ್ದರೆ, ಶೇ 51 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರ ಬೆಂಬಲ ಪಡೆದ ಸಂಘವೇ ಆಡಳಿತ ಮಂಡಳಿಯೊಂದಿಗೆ ಮಾತುಕತೆ ನಡೆಸುವ ಏಕೈಕ ಸಂಘವಾಗುತ್ತದೆ. ಹಾಗಾದರೆ ಉಳಿದವರೂ ಆ ಸಂಘದ ಸದಸ್ಯರಾಗಲೇಬೇಕೆ? ಎಲ್ಲರ ವೇತನದಿಂದಲೂ ಅದರ ವಂತಿಗೆ ಕಡಿತವಾಗುತ್ತದೆಯೆ?

ಎರಡಕ್ಕೂ ಉತ್ತರ ‘ಇಲ್ಲ’ ಎಂಬುದೇ. ಆದರೆ ಈ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಎಲ್ಲರ ಪರವಾಗಿ ಮಾತನಾಡುವ ಹೊಣೆ ಒಂದು ಸಂಘದ್ದಾದರೆ, ಆ ಹೊಣೆಯ ಖರ್ಚನ್ನು ಕೆಲವರು ಮಾತ್ರ ಏಕೆ ಹೊರಬೇಕು? ಯಾರು ಮಾತನಾಡಬೇಕು ಎಂಬುದನ್ನು ಸಂಹಿತೆ ಇತ್ಯರ್ಥಪಡಿಸಿದೆ. ಅದರ ಖರ್ಚು ಯಾರದು ಎಂಬುದನ್ನು ಮುಟ್ಟದೆ ಬಿಟ್ಟಿದೆ. ಮುಂದಿನ ವರ್ಷಗಳ ತಕರಾರುಗಳು ಹುಟ್ಟುವುದು ಈ ಬಿಟ್ಟ ಜಾಗದಲ್ಲೇ.

ಕಡಿತಕ್ಕೆ ಒಪ್ಪಿಗೆಯೇ ಆಧಾರ

ಉದ್ಯೋಗದಾತನು ತನಗೆ ತೋಚಿದಂತೆ ವೇತನದಿಂದ ಹಣ ಹಿಡಿಯುವಂತಿಲ್ಲ ಎಂಬುದು 1936ರ ವೇತನ ಪಾವತಿ ಕಾಯ್ದೆಯ ತಳಹದಿಯಾಗಿತ್ತು. ಯಾವ ಯಾವ ಬಾಬತ್ತಿಗೆ ಕಡಿತ ಮಾಡಬಹುದೆಂದು ಆ ಕಾಯ್ದೆ ಪಟ್ಟಿ ಕೊಟ್ಟಿತ್ತು. ನೋಂದಾಯಿತ ಕಾರ್ಮಿಕ ಸಂಘದ ಸದಸ್ಯತ್ವ ಶುಲ್ಕಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ನೌಕರನ ಲಿಖಿತ ಒಪ್ಪಿಗೆ ಇರಬೇಕೆಂಬ ಷರತ್ತಿನ ಮೇಲೆ. 2019ರ ವೇತನ ಸಂಹಿತೆ ಇದೇ ದಾರಿಯಲ್ಲಿ ನಡೆದಿದೆ. ಸಂಘದ ಶುಲ್ಕದ ಕಡಿತಕ್ಕೆ ಈಗಲೂ ನೌಕರನ ಅನುಮತಿ ಬೇಕು, ಮತ್ತು ಒಂದು ವೇತನ ಅವಧಿಯ ಎಲ್ಲ ಕಡಿತಗಳೂ ಸೇರಿ ವೇತನದ ಶೇ 50ನ್ನು ಮೀರುವಂತಿಲ್ಲ.

ಇದರಿಂದ ಹೊರಡುವ ಪರಿಣಾಮಗಳನ್ನು ಗಮನಿಸಬೇಕು. ಸದಸ್ಯನಾಗುವುದು ಮತ್ತು ವೇತನದಿಂದ ಕಡಿತಕ್ಕೆ ಒಪ್ಪುವುದು ಎರಡು ಬೇರೆ ಬೇರೆ ತೀರ್ಮಾನಗಳು. ಸದಸ್ಯನಾದವನು ವಂತಿಗೆ ಕೊಡಲು ಬದ್ಧ. ಆ ಬದ್ಧತೆ ಹುಟ್ಟುವುದು ಸಂಘದ ಬೈಲಾದಿಂದ. ಆದರೆ ಅದನ್ನು ಕಡಿತದ ಮೂಲಕವೇ ಕೊಡಬೇಕೆಂದು ಕಾನೂನು ಹೇಳುವುದಿಲ್ಲ. ನಗದು ಕೊಟ್ಟು ರಸೀದಿ ಪಡೆಯಬಹುದು, ಬ್ಯಾಂಕ್ ಖಾತೆಯಿಂದ ಕಳುಹಿಸಬಹುದು, ವರ್ಷಕ್ಕೊಮ್ಮೆ ಒಟ್ಟಾಗಿ ಕಟ್ಟಬಹುದು. ಹಾಗೆಯೇ, ಸಂಘ ಕೇಳಿದ ಮಾತ್ರಕ್ಕೆ ಕಡಿತದ ವ್ಯವಸ್ಥೆ ಮಾಡಿಕೊಡಲೇಬೇಕೆಂಬ ಸಾಮಾನ್ಯ ನಿರ್ಬಂಧ ಆಡಳಿತ ಮಂಡಳಿಯ ಮೇಲೂ ಇಲ್ಲ. ಬಹುತೇಕ ದೊಡ್ಡ ಕಾರ್ಖಾನೆಗಳಲ್ಲಿ ಅದು ವೇತನ ಒಪ್ಪಂದದ ಒಂದು ಕಲಮಿನಿಂದ ಬಂದ ಸೌಲಭ್ಯ.

ಚೆಕ್-ಆಫ್ ನಡೆಯುವ ಬಗೆ

ಈ ಸೌಲಭ್ಯಕ್ಕೆ ಕಾರ್ಮಿಕ ವಲಯದಲ್ಲಿ ಚೆಕ್-ಆಫ್ ಎಂದೇ ಹೆಸರು. ಸದಸ್ಯನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾನೆ. ಸಂಘ ಅದನ್ನು ವೇತನ ವಿಭಾಗಕ್ಕೆ ತಲುಪಿಸುತ್ತದೆ. ಪ್ರತಿ ತಿಂಗಳೂ ನಿಗದಿತ ಮೊತ್ತ ಕಡಿತವಾಗಿ, ಹೆಸರುಗಳ ಪಟ್ಟಿಯೊಂದಿಗೆ ಸಂಘದ ಖಾತೆಗೆ ಜಮೆಯಾಗುತ್ತದೆ. ಕಡಿತ ಮಾಡಿದ ಕ್ಷಣದಿಂದ ಆ ಹಣ ಕಂಪನಿಯದಲ್ಲ. ಕಡಿತ ಮಾಡಿಯೂ ಕಾನೂನಿನಂತೆ ಜಮೆ ಮಾಡಬೇಕಾದ ಖಾತೆಗೆ ಉದ್ಯೋಗದಾತ ಜಮೆ ಮಾಡದಿದ್ದರೆ, ಆ ತಪ್ಪಿಗೆ ನೌಕರನನ್ನು ಹೊಣೆ ಮಾಡುವಂತಿಲ್ಲವೆಂದು ವೇತನ ಸಂಹಿತೆ ಹೇಳುತ್ತದೆ. ಕಂಪನಿ ಹಣ ತಡೆಹಿಡಿದ ಕಾರಣಕ್ಕೆ ಸದಸ್ಯನೊಬ್ಬನನ್ನು ಬಾಕಿದಾರನೆಂದು ಕರೆದು ಸಂಘದ ಚುನಾವಣೆಯಲ್ಲಿ ಮತ ನಿರಾಕರಿಸುವುದು ಈ ತತ್ವಕ್ಕೆ ವಿರುದ್ಧವಾಗುತ್ತದೆ.

ವೇತನ ಚೀಟಿಯಲ್ಲಿ ಕಾಣುವ ಎಲ್ಲ ಸಣ್ಣ ಕಡಿತಗಳೂ ಸಂಘದ ವಂತಿಗೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಗೊಂದಲದ ಒಂದು ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಹಿಡಿಯುವ ವಂತಿಗೆ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅದರಲ್ಲಿ ಕಾರ್ಮಿಕ, ಮಾಲೀಕ ಮತ್ತು ಸರ್ಕಾರ ಮೂವರ ಪಾಲೂ ಇದೆ. ಇವೆರಡಕ್ಕೂ ನೌಕರನ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆ ಬೇಕಾಗಿರುವುದು ಸಂಘದ ಶುಲ್ಕಕ್ಕೆ.

ಇನ್ನೊಂದು ಆತಂಕ ವೇತನದ ಹೊಸ ವ್ಯಾಖ್ಯೆಯದು. ವೇತನದ ಲೆಕ್ಕದಿಂದ ಹೊರಗಿಡಲಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕೆಂದು ಸಂಹಿತೆಗಳು ಹೇಳುತ್ತವೆ. ಇದರಿಂದ ವಂತಿಗೆ ತಾನಾಗಿಯೇ ಏರುವುದಿಲ್ಲ. ಬೈಲಾದಲ್ಲಿ ವಂತಿಗೆ ಒಂದು ಸ್ಥಿರ ಮೊತ್ತವಾಗಿದ್ದರೆ ಏನೂ ಬದಲಾಗದು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಇಂತಿಷ್ಟು ಪಾಲು ಎಂದಿದ್ದರೆ, ಕಂಪನಿ ಸಂಬಳದ ರಚನೆಯನ್ನೇ ಬದಲಿಸಿ ಮೂಲ ವೇತನವನ್ನು ಹೆಚ್ಚಿಸಿದಾಗ ಮಾತ್ರ ಕಡಿತವೂ ಹೆಚ್ಚುತ್ತದೆ. ಆಗ ದರವನ್ನು ಪರಿಷ್ಕರಿಸುವ ಅಧಿಕಾರ ಸಂಘದ ಸರ್ವಸದಸ್ಯರ ಸಭೆಗಿದೆಯೇ ಎಂದು ಬೈಲಾ ನೋಡಿ ತಿಳಿಯಬೇಕು.

ವಂತಿಗೆಯ ಹಣ ಎಲ್ಲಿಗೆ ಹೋಗುತ್ತದೆ

ಸಂಘದ ನಿಧಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು ಒಂದು ಹೋರಾಟದ ತರುವಾಯ. 1918ರಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಕಾರ್ಮಿಕ ಸಂಘ ಹುಟ್ಟಿತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ವಿವಾದದಲ್ಲಿ ಆಡಳಿತ ಮಂಡಳಿ ನ್ಯಾಯಾಲಯಕ್ಕೆ ಹೋಗಿ, ಮುಖಂಡರಿಂದ ನಷ್ಟ ಪರಿಹಾರ ಕೇಳಿ, ಮದ್ರಾಸ್ ಹೈಕೋರ್ಟಿನಿಂದ ಪ್ರತಿಬಂಧಕಾಜ್ಞೆ ತಂದಿತು. ಸಂಘ ಕಟ್ಟುವುದೇ ಅಪಾಯವೆಂಬ ಸ್ಥಿತಿ ಅದು. 1921ರಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನ ಸಭೆಯಲ್ಲಿ ಈ ವಿಷಯವನ್ನು ಎತ್ತಿದರು. ಅದರ ಫಲ 1926ರ ಕಾರ್ಮಿಕ ಸಂಘಗಳ ಕಾಯ್ದೆ.

ಆ ಕಾಯ್ದೆ ರಕ್ಷಣೆ ಕೊಟ್ಟಂತೆ ಶಿಸ್ತನ್ನೂ ಹೇರಿತು. ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಬಳಸಬಹುದೆಂದು ಅದು ಎಣಿಸಿ ಹೇಳಿತು: ಕಚೇರಿ ಖರ್ಚು, ಪದಾಧಿಕಾರಿಗಳ ಸಂಬಳ, ವ್ಯಾಜ್ಯಗಳು, ಕೈಗಾರಿಕಾ ವಿವಾದಗಳು, ವಿವಾದದಿಂದ ನಷ್ಟಕ್ಕೊಳಗಾದ ಸದಸ್ಯರಿಗೆ ಪರಿಹಾರ, ಕಾಯಿಲೆ, ಅಪಘಾತ, ಮುಪ್ಪು, ನಿರುದ್ಯೋಗದ ಕಾಲದ ನೆರವು, ಸದಸ್ಯರ ಶಿಕ್ಷಣ. ಲೆಕ್ಕಪುಸ್ತಕವನ್ನು ಸದಸ್ಯರು ಪರಿಶೀಲಿಸುವ ಹಕ್ಕು, ವಾರ್ಷಿಕ ಲೆಕ್ಕ ತಪಾಸಣೆ, ನೋಂದಣಾಧಿಕಾರಿಗೆ ವಾರ್ಷಿಕ ವರದಿ ಇವೂ ಕಡ್ಡಾಯವಾದವು. ರಾಜಕೀಯ ಉದ್ದೇಶಗಳಿಗಂತೂ ಪ್ರತ್ಯೇಕ ನಿಧಿಯೇ ಇರಬೇಕು; ಅದಕ್ಕೆ ಹಣ ಕೊಡುವಂತೆ ಯಾವ ಸದಸ್ಯನನ್ನೂ ಬಲವಂತಪಡಿಸುವಂತಿಲ್ಲ, ಕೊಡಲಿಲ್ಲವೆಂದು ಸಂಘದ ಸೌಲಭ್ಯಗಳಿಂದ ಹೊರಗಿಡುವಂತಿಲ್ಲ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಸಾಮಾನ್ಯ ನಿಧಿ ಮತ್ತು ಪ್ರತ್ಯೇಕ ನಿಧಿಯ ಈ ವಿಭಜನೆಯನ್ನು ಉಳಿಸಿಕೊಂಡಿದೆ. ‘ನನ್ನ ವಂತಿಗೆ ಒಂದು ಪಕ್ಷಕ್ಕೆ ಹೋಗುತ್ತದೆ’ ಎಂಬ ಆಕ್ಷೇಪಕ್ಕೆ ಕಾನೂನಿನ ಒಳಗೇ ಉತ್ತರವಿದೆ. ಅದನ್ನು ಬಳಸಿಕೊಳ್ಳುವ ಸದಸ್ಯರು ಕಡಿಮೆ ಎಂಬುದು ಬೇರೆ ಮಾತು.

ಮೊತ್ತದ ವಿಷಯದಲ್ಲಿ ನಮ್ಮ ಕಾನೂನು ತೀರಾ ಸಂಕೋಚದ್ದು. 2001ರ ತಿದ್ದುಪಡಿಯ ನಂತರವೂ ಕನಿಷ್ಠ ವಂತಿಗೆ ಗ್ರಾಮೀಣ ಕಾರ್ಮಿಕರಿಗೆ ವರ್ಷಕ್ಕೆ 1 ರೂಪಾಯಿ, ಇತರ ಅಸಂಘಟಿತ ವಲಯದವರಿಗೆ 3 ರೂಪಾಯಿ, ಉಳಿದವರಿಗೆ 12 ರೂಪಾಯಿ ಆಗಿತ್ತು. ಹೊಸ ಸಂಹಿತೆ ಮೊತ್ತವನ್ನು ತನ್ನೊಳಗೆ ಬರೆಯದೆ ನಿಯಮಗಳಿಗೆ ಬಿಟ್ಟಿದೆ. ತಿಂಗಳಿಗೆ ಒಂದು ರೂಪಾಯಿಯ ವಂತಿಗೆಯಿಂದ ಒಬ್ಬ ವಕೀಲನನ್ನಾಗಲಿ, ಒಬ್ಬ ಪೂರ್ಣಾವಧಿ ಕಾರ್ಯಕರ್ತನನ್ನಾಗಲಿ ಇಟ್ಟುಕೊಳ್ಳಲಾಗದು. ಹಾಗಾಗಿ ಅನೇಕ ಸಂಘಗಳು ಹೊರಗಿನ ನಾಯಕರ ಔದಾರ್ಯದ ಮೇಲೆ, ರಾಜಕೀಯ ಪಕ್ಷಗಳೊಂದಿಗೆ ನಂಟಿರುವ ಕೇಂದ್ರ ಸಂಘಟನೆಗಳ ಮೇಲೆ, ಅಥವಾ ಒಪ್ಪಂದವಾದಾಗ ಒಮ್ಮೆಗೇ ಸಂಗ್ರಹಿಸುವ ದೇಣಿಗೆಯ ಮೇಲೆ ನಿಂತಿವೆ. ಅಗ್ಗದ ವಂತಿಗೆ ಸದಸ್ಯನಿಗೆ ಅನುಕೂಲವೆಂದು ಕಂಡರೂ, ಸಂಘ ಯಾರ ಮಾತು ಕೇಳಬೇಕೆಂಬುದನ್ನು ಅದೇ ನಿರ್ಧರಿಸಿಬಿಡುತ್ತದೆ.

ವಂತಿಗೆಯ ಪಟ್ಟಿಯೇ ತಲೆಯೆಣಿಕೆಯಾದಾಗ

ವಂತಿಗೆ ಎಂದೂ ಬರಿಯ ಹಣವಾಗಿರಲಿಲ್ಲ. ಯಾವ ಸಂಘಕ್ಕೆ ಎಷ್ಟು ಬಲವಿದೆ ಎಂದು ಅಳೆಯುವ ಸಾಧನವೂ ಅದೇ ಆಗಿತ್ತು. ಮಾಲೀಕರೂ ಸಂಘಗಳೂ ಸ್ವಇಚ್ಛೆಯಿಂದ ಒಪ್ಪಿಕೊಂಡಿದ್ದ 1958ರ ಶಿಸ್ತು ಸಂಹಿತೆಯ ಪ್ರಕಾರ, ಲೆಕ್ಕಕ್ಕೆ ಹಿಡಿಯುವ ಮುಂಚಿನ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳ ವಂತಿಗೆ ಕೊಟ್ಟವರನ್ನು ಮಾತ್ರ ಸದಸ್ಯರೆಂದು ಎಣಿಸಬೇಕಿತ್ತು. ಮಾನ್ಯತೆ ಪಡೆದ ಸಂಘಕ್ಕೆ ಉದ್ಯಮದ ಆವರಣದಲ್ಲೇ ವಂತಿಗೆ ಸಂಗ್ರಹಿಸುವ ಹಕ್ಕು ಸಿಗುತ್ತಿತ್ತು. ಕಾರ್ಮಿಕ ಸಂಘಗಳ ಮಾನ್ಯತೆ ಕುರಿತ ಮಹಾರಾಷ್ಟ್ರದ 1971ರ ಕಾಯ್ದೆಯೂ ವೇತನ ಬಟವಾಡೆಯ ಜಾಗದಲ್ಲಿ ವಂತಿಗೆ ವಸೂಲಿಯ ಹಕ್ಕನ್ನು ಮಾನ್ಯತೆ ಪಡೆದ ಸಂಘಕ್ಕೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರರ ಸಂಘಗಳಿಗೆ 1993ರ ನಿಯಮಗಳು ಇನ್ನೂ ಸ್ಪಷ್ಟವಾಗಿ, ವೇತನ ಪಟ್ಟಿಯ ಚೆಕ್-ಆಫ್ ಮೂಲಕವೇ ಸದಸ್ಯಬಲವನ್ನು ಪರಿಶೀಲಿಸಬೇಕೆಂದವು. ಒಂದು ವರ್ಗದ ನೌಕರರಲ್ಲಿ ಶೇ 35ರಷ್ಟು ಸದಸ್ಯರಿರುವ ಸಂಘಕ್ಕೆ ಮಾನ್ಯತೆ.

ಈ ಪದ್ಧತಿಯ ಪರವಾಗಿರುವವರ ವಾದ ಬಲವಾದದ್ದೇ. ಪ್ರತಿ ತಿಂಗಳೂ ತನ್ನ ದುಡಿಮೆಯ ಒಂದು ಪಾಲನ್ನು ಬಿಟ್ಟುಕೊಡುವವನ ಬೆಂಬಲ, ಚುನಾವಣೆಯ ದಿನ ಉತ್ಸಾಹದಲ್ಲಿ ಹಾಕಿದ ಮತಕ್ಕಿಂತ ಗಟ್ಟಿಯಾದದ್ದು ಎಂದು ಅವರು ಹೇಳುತ್ತಾರೆ. ಕಾಗದದ ಮೇಲಷ್ಟೇ ಇರುವ ಸದಸ್ಯರನ್ನು ತೋರಿಸಿ ಬಲವನ್ನು ಉಬ್ಬಿಸುವುದಕ್ಕೂ ಇದರಿಂದ ತಡೆ ಬೀಳುತ್ತದೆ.

ವಿರೋಧದ ವಾದವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಚೆಕ್-ಆಫ್ ಪಟ್ಟಿ ಮೊದಲು ತಲುಪುವುದು ಮಾಲೀಕನ ಮೇಜಿಗೆ. ಯಾರು ಯಾವ ಸಂಘದಲ್ಲಿದ್ದಾರೆ ಎಂಬುದು ಪ್ರತಿ ತಿಂಗಳೂ ಹೆಸರುವಾರು ಅವನ ಕಣ್ಣ ಮುಂದೆ ಇರುತ್ತದೆ. ಕೆಲಸ ಖಾಯಂ ಆಗದವರಿಗೆ, ಬಡ್ತಿಯ ನಿರೀಕ್ಷೆಯಲ್ಲಿರುವವರಿಗೆ ಇದು ನಿಜವಾದ ಭಯ. ಸಂಘ ಸೇರಿದ್ದಕ್ಕೆ ಕಿರುಕುಳ ಕೊಡುವುದನ್ನೂ, ಮಾಲೀಕನೇ ಒಂದು ಸಂಘಕ್ಕೆ ಹಣ ಕೊಟ್ಟು ಸಾಕುವುದನ್ನೂ ಕಾನೂನು ಅನುಚಿತ ಕಾರ್ಮಿಕ ನಡವಳಿಕೆ ಎಂದು ನಿಷೇಧಿಸಿದೆ. ಆದರೂ ವರ್ಗಾವಣೆಯ ಆದೇಶದಲ್ಲಿ ಅದರ ನಿಜವಾದ ಕಾರಣ ಬರೆದಿರುವುದಿಲ್ಲ. ಆದ್ದರಿಂದಲೇ ಗುಪ್ತ ಮತದಾನದ ಬೇಡಿಕೆ ಬೆಳೆಯಿತು. ಭಾರತೀಯ ಆಹಾರ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕ್ರಮಬದ್ಧ ವಿಧಾನವನ್ನು ಹಾಕಿಕೊಟ್ಟಿತು. ರೈಲ್ವೆಯಲ್ಲಿ 2007, 2013 ಮತ್ತು 2024ರಲ್ಲಿ ಸಂಘಗಳ ಮಾನ್ಯತೆಗೆ ಗುಪ್ತ ಮತದಾನ ನಡೆಯಿತು.

ಹೊಸ ಸಂಹಿತೆ ‘ಸದಸ್ಯತ್ವ’ಕ್ಕೆ ಬದಲಾಗಿ ಸಂಸ್ಥೆಯ ಕಾರ್ಮಿಕರ ಹೆಸರುಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರ ‘ಬೆಂಬಲ’ವನ್ನು ಅಳತೆಗೋಲು ಮಾಡಿ, ಅದನ್ನು ಪರಿಶೀಲಿಸುವ ವಿಧಾನವನ್ನು ನಿಯಮಗಳಿಗೆ ಬಿಟ್ಟಿದೆ. ಮತದಾನವೇ ವಿಧಾನವಾದರೆ, ಒಂದು ಸಂಘಕ್ಕೆ ವಂತಿಗೆ ಕೊಟ್ಟು ಇನ್ನೊಂದಕ್ಕೆ ಮತ ಹಾಕಬಹುದು, ಯಾವುದಕ್ಕೂ ವಂತಿಗೆ ಕೊಡದೆಯೂ ಮತ ಹಾಕಬಹುದು. ವಂತಿಗೆಗೂ ಮಾನ್ಯತೆಗೂ ಇದ್ದ ಹಳೆಯ ಕೊಂಡಿ ಆಗ ಸಡಿಲವಾಗುತ್ತದೆ. ಪೂರ್ತಿಯಾಗಿ ಕಳಚುವುದಿಲ್ಲ, ಏಕೆಂದರೆ ನೋಂದಣಿ ಉಳಿಸಿಕೊಳ್ಳಲು ಸಂಸ್ಥೆಯ ಶೇ 10ರಷ್ಟು ಅಥವಾ 100 ಕಾರ್ಮಿಕರು, ಇವೆರಡರಲ್ಲಿ ಕಡಿಮೆಯಾದಷ್ಟು ಮಂದಿ ಸದಸ್ಯರಾಗಿರಲೇಬೇಕು.

ಕೊಡದವರಿಗೂ ಸಿಗುವ ಒಪ್ಪಂದ

ಊರಿಗೆಲ್ಲ ನೀರು ಕೊಡುವ ಕೆರೆಯ ಹೂಳನ್ನು ಕೆಲವೇ ಮನೆಯವರು ಎತ್ತುವ ಸ್ಥಿತಿ ಸಂಘಗಳದು. ವೇತನ ಒಪ್ಪಂದವಾದರೆ ಹೆಚ್ಚಳ ಸದಸ್ಯನಿಗೂ ಸಿಗುತ್ತದೆ, ಸದಸ್ಯನಲ್ಲದವನಿಗೂ ಸಿಗುತ್ತದೆ. ಸಂಧಾನಾಧಿಕಾರಿಯ ಸಮ್ಮುಖದಲ್ಲಿ ಆದ ಒಪ್ಪಂದ ಸಂಸ್ಥೆಯ ಎಲ್ಲ ಕಾರ್ಮಿಕರನ್ನೂ ಬದ್ಧಗೊಳಿಸುತ್ತದೆ ಎಂಬುದು ಹಳೆಯ ತತ್ವ. ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ ಎಂದಾದಾಗ, ಕೊಡದಿರುವುದು ಒಬ್ಬೊಬ್ಬನ ಮಟ್ಟಿಗೆ ಲಾಭದ ಲೆಕ್ಕ. ಎಲ್ಲರೂ ಅದೇ ಲೆಕ್ಕ ಹಾಕಿದರೆ ಒಪ್ಪಂದ ಮಾಡಿಸಲು ಸಂಘವೇ ಉಳಿಯದು.

ಈ ಪ್ರಶ್ನೆ 1984ರಲ್ಲಿ ಬಾಮರ್ ಲಾರಿ ಕಂಪನಿಯ ಪ್ರಕರಣದ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಹಾರಾಷ್ಟ್ರದ ಕಾಯ್ದೆಯಡಿ ಮಾನ್ಯತೆ ಪಡೆದ ಸಂಘ ಮಾಡಿಕೊಂಡ ಒಪ್ಪಂದದಲ್ಲಿ, ಪ್ರತಿಯೊಬ್ಬ ನೌಕರನಿಗೆ ಸಿಗುವ ಹಿಂಬಾಕಿಯ ಶೇ 15ನ್ನು ಕಡಿತ ಮಾಡಿ ಸಂಘದ ನಿಧಿಗೆ ಕೊಡಬೇಕೆಂಬ ಕಲಮು ಇತ್ತು. ತಮ್ಮ ಸದಸ್ಯರ ಹಣ ಎದುರಾಳಿ ಸಂಘಕ್ಕೆ ಏಕೆ ಹೋಗಬೇಕೆಂದು ಇನ್ನೊಂದು ಸಂಘ ಪ್ರಶ್ನಿಸಿತು. ನ್ಯಾಯಾಲಯ ಆ ಕಲಮನ್ನು ಎತ್ತಿಹಿಡಿಯಿತು: ಒಪ್ಪಂದದ ಫಲ ಎಲ್ಲರಿಗೂ ಸಿಕ್ಕಿದೆ, ಅದೇ ಒಪ್ಪಂದದ ಭಾಗವಾದ ಕಡಿತವನ್ನು ಬಲವಂತದ ವಸೂಲಿ ಎನ್ನಲಾಗದು ಎಂಬುದು ಅದರ ನಿಲುವು. ಒಂದೇ ಸಂಘಕ್ಕೆ ಎಲ್ಲರ ಪರವಾಗಿ ಮಾತನಾಡುವ ಅಧಿಕಾರ ಆಗ ಕೆಲವು ರಾಜ್ಯಗಳ ಕಾಯ್ದೆಗಳಿಂದ ಸಿಗುತ್ತಿತ್ತು. ಈಗ ಅದು ದೇಶಕ್ಕೆಲ್ಲ ಬಂದಿದೆ. ಇಂಥ ಕಲಮುಗಳು ಇನ್ನು ಮುಂದೆ ಹೆಚ್ಚು ಕಡೆ ಕಾಣಿಸಿಕೊಳ್ಳಲಿವೆ, ಅವುಗಳನ್ನು ಪ್ರಶ್ನಿಸುವ ಅರ್ಜಿಗಳೂ ಹೆಚ್ಚಲಿವೆ ಎಂದು ನಿರೀಕ್ಷಿಸುವುದು ತಪ್ಪಾಗದು.

ಆಯೋಗಗಳು ಈ ಬಗ್ಗೆ ಯೋಚಿಸದೆ ಇರಲಿಲ್ಲ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ, ಸಂಘದ ಸದಸ್ಯನಾಗಿದ್ದರೆ ಮಾತ್ರ ಉದ್ಯೋಗ ಎಂಬ ಪದ್ಧತಿಯನ್ನು ಕಾನೂನಿನ ಮೂಲಕ ತರಬಾರದೆಂದಿತು. ಜೊತೆಗೆ, ಮಾನ್ಯತೆ ಪಡೆದ ಸಂಘ ಚೆಕ್-ಆಫ್ ಕೇಳಿದರೆ ಆಡಳಿತ ಮಂಡಳಿ ಒಪ್ಪಲೇಬೇಕೆಂದಿತು. ರವೀಂದ್ರ ವರ್ಮಾ ಅಧ್ಯಕ್ಷತೆಯ ಎರಡನೇ ಆಯೋಗ 2002ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವ ಸಂಘದ ಸದಸ್ಯನೂ ಅಲ್ಲದ ಕಾರ್ಮಿಕನು ಮಾತುಕತೆ ನಡೆಸುವ ಸಂಘದ ವಂತಿಗೆಯಷ್ಟೇ ಮೊತ್ತವನ್ನು ಕೊಡಬೇಕು, ಆದರೆ ಅದು ಸಂಘಕ್ಕೆ ಹೋಗದೆ ಶಾಸನಬದ್ಧ ಕಲ್ಯಾಣ ನಿಧಿಗೆ ಹೋಗಬೇಕು ಎಂಬುದು ಅದರ ಸಲಹೆ. ಕೊಡದೆ ಉಳಿಯುವುದರ ಲಾಭ ಇದರಿಂದ ಇಲ್ಲವಾಗುತ್ತದೆ. ಒಪ್ಪದ ಸಂಘಕ್ಕೆ ಹಣ ಕೊಡುವ ಬಲವಂತವೂ ಇರುವುದಿಲ್ಲ. ಈ ವಿಷಯದಲ್ಲಿ ನಮ್ಮಲ್ಲಿ ಬಂದ ಅತ್ಯಂತ ವಿವೇಕದ ಸಲಹೆ ಇದು. ಸಂಹಿತೆ ಬರೆದವರು ಇದನ್ನು ಕೈಗೆತ್ತಿಕೊಳ್ಳದಿದ್ದುದು ದೊಡ್ಡ ಕೊರತೆ.

ಬೇರೆ ದೇಶಗಳು ಈ ತೊಡಕನ್ನು ಬೇರೆ ಬೇರೆಯಾಗಿ ಬಿಡಿಸಿಕೊಂಡಿವೆ. ಕೆನಡಾದಲ್ಲಿ ಫೋರ್ಡ್ ಕಾರ್ಖಾನೆಯ ಮುಷ್ಕರದ ನಂತರ ನ್ಯಾಯಮೂರ್ತಿ ಐವನ್ ರ‍್ಯಾಂಡ್ 1946ರಲ್ಲಿ ಕೊಟ್ಟ ತೀರ್ಪು, ಸದಸ್ಯರಾಗುವ ಒತ್ತಾಯವಿಲ್ಲದೆ ಎಲ್ಲರಿಂದಲೂ ವಂತಿಗೆ ಪಡೆಯುವ ಸೂತ್ರವನ್ನು ಹುಟ್ಟುಹಾಕಿತು. ಅಮೆರಿಕದಲ್ಲಿ 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಇಂಥ ಕಡ್ಡಾಯವನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸದಸ್ಯರಲ್ಲದ ಸರ್ಕಾರಿ ನೌಕರರಿಂದ ಶುಲ್ಕ ಪಡೆಯುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 5-4ರ ಬಹುಮತದಿಂದ ಹೇಳಿತು.

ಮುಂದೆ ಆಗಬಹುದಾದದ್ದು

ಮೊದಲ ಪೆಟ್ಟು ಸಣ್ಣ ಸಂಘಗಳಿಗೆ. ಯಾವ ಸಂಘಕ್ಕೂ ಶೇ 51 ಸಿಗದಿದ್ದಾಗ ರಚನೆಯಾಗುವ ಮಾತುಕತೆ ಪರಿಷತ್ತಿನಲ್ಲಿ ಜಾಗ ಸಿಗಲು ಶೇ 20ರ ಬೆಂಬಲ ಬೇಕು. ಅದಕ್ಕಿಂತ ಕೆಳಗಿರುವ ಸಂಘದ ಸದಸ್ಯನಿಗೆ ತಾನು ಕೊಡುವ ವಂತಿಗೆ ಮಾತುಕತೆಯ ಮೇಜಿನವರೆಗೆ ತಲುಪುವುದಿಲ್ಲವೆಂದು ಬೇಗ ಅರಿವಾಗುತ್ತದೆ. ಅಂಥ ಸಂಘಗಳು ವೈಯಕ್ತಿಕ ವ್ಯಾಜ್ಯಗಳ ನೆರವಿಗೆ ಸೀಮಿತವಾಗಬಹುದು, ಇಲ್ಲವೇ ದೊಡ್ಡದರೊಳಗೆ ವಿಲೀನವಾಗಬಹುದು. ಗೆದ್ದ ಸಂಘದ ಮೇಲಿನ ಹೊರೆಯೂ ಕಡಿಮೆಯದಲ್ಲ. ಮಾನ್ಯತೆ ಮೂರು ವರ್ಷಗಳದು, ಒಪ್ಪಿಗೆಯಿದ್ದರೆ ಐದರವರೆಗೆ. ಅಷ್ಟೂ ಕಾಲ ಎಲ್ಲರ ಬೇಡಿಕೆಗಳನ್ನು ಹೊತ್ತು, ಸದಸ್ಯರ ವಂತಿಗೆಯಿಂದಲೇ ಖರ್ಚು ತೂಗಿಸಬೇಕು. ಹಾಗಾಗಿ ದರ ಏರಿಸುವ ಒತ್ತಡ, ಹಿಂಬಾಕಿಯಲ್ಲಿ ಪಾಲು ಕೇಳುವ ಒತ್ತಡ ಎರಡೂ ಹೆಚ್ಚುತ್ತವೆ.

ಕಾರ್ಖಾನೆಯ ಗೋಡೆಯ ಹೊರಗೆ ಬೇರೆಯದೇ ಪರಿಸ್ಥಿತಿ. ಆ್ಯಪ್ ಆಧಾರಿತ ದುಡಿಮೆಗಾರರಿಗೆ ವೇತನ ಪಟ್ಟಿಯೇ ಇಲ್ಲದಿರುವುದರಿಂದ ಚೆಕ್-ಆಫ್ ಎಂಬುದೂ ಇಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಂತೆ ಪ್ರತಿ ವಹಿವಾಟಿನ ಮೇಲೆ ಕಂಪನಿಗಳು ಕೊಡಬೇಕಾದ್ದು ಕಲ್ಯಾಣ ಶುಲ್ಕ. ಅದಕ್ಕೂ ಸಂಘದ ವಂತಿಗೆಗೂ ಸಂಬಂಧವಿಲ್ಲ, ಅಲ್ಲಿನ ಸಂಘಗಳು ಸದಸ್ಯರಿಂದ ನೇರವಾಗಿಯೇ ವಂತಿಗೆ ಪಡೆಯಬೇಕು. 2017ರಲ್ಲಿ ನೋಂದಣಿಯಾದ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘದಂತೆ ಹಲವು ಕಂಪನಿಗಳಲ್ಲಿ ಹರಡಿಕೊಂಡ ಸದಸ್ಯರಿರುವ ಸಂಘಗಳಿಗೂ, ತಮ್ಮ ಹೆಸರು ಕಂಪನಿಗೆ ತಿಳಿಯಬಾರದೆಂದು ಬಯಸುವ ಸದಸ್ಯರಿಗೂ ಕಂಪನಿಯ ವೇತನ ವಿಭಾಗವನ್ನು ಮುಟ್ಟದ ಪಾವತಿಯೇ ಸೂಕ್ತ.

ಗುತ್ತಿಗೆ ಕಾರ್ಮಿಕರ ಹೆಸರು ಇರುವುದು ಗುತ್ತಿಗೆದಾರನ ಮಸ್ಟರ್ ರೋಲ್‌ನಲ್ಲಿ. ಮುಖ್ಯ ಕಂಪನಿಯ ಶೇ 51ರ ಲೆಕ್ಕದಿಂದಲೂ ಅಲ್ಲಿನ ಚೆಕ್-ಆಫ್‌ನಿಂದಲೂ ಅವರು ಹೊರಗುಳಿಯುವ ಸಾಧ್ಯತೆಯೇ ಹೆಚ್ಚು. ನಿಗದಿತ ಅವಧಿಯ ನೌಕರರ ಹೆಸರು ಕಂಪನಿಯ ಪಟ್ಟಿಯಲ್ಲೇ ಇರುತ್ತದೆ, ಅವರ ಬೆಂಬಲವೂ ಎಣಿಕೆಗೆ ಬರುತ್ತದೆ. ಆದರೆ ಒಂದು ವರ್ಷದ ನೇಮಕಾತಿ ಪತ್ರ ಹಿಡಿದವನಿಗೆ, ಎರಡು ವರ್ಷಗಳ ಬಳಿಕ ಸಹಿಯಾಗುವ ಒಪ್ಪಂದಕ್ಕಾಗಿ ಇಂದು ವಂತಿಗೆ ಕೊಡಬೇಕೆಂದು ಹೇಳುವುದು ಕಷ್ಟ. ಇವರನ್ನು ಒಳಗೆ ತರಬೇಕಾದರೆ ಸಂಘಗಳು ಬೈಲಾ ತಿದ್ದಿ ಕಡಿಮೆ ದರದ, ನೇಮಕಾತಿಯ ಅವಧಿಗೆ ಹೊಂದುವ ಸದಸ್ಯತ್ವವನ್ನು ರೂಪಿಸಬೇಕಾಗುತ್ತದೆ, ಮತ್ತು ಅವಧಿ ಮುಗಿದ ಮೇಲೂ ಬಾಕಿ ಸಂಬಳ, ಗ್ರಾಚ್ಯುಟಿಯ ವ್ಯಾಜ್ಯಗಳಲ್ಲಿ ಅವರ ಜೊತೆ ನಿಲ್ಲುವ ಭರವಸೆಯನ್ನು ಬರವಣಿಗೆಯಲ್ಲೇ ಕೊಡಬೇಕಾಗುತ್ತದೆ.